ಹಳೇ ಟ್ರ್ಯಾಕ್ಟರಿನ ಲೋಡರಿಗೆ ಬೇರೆ ಬಕೆಟ್ ಹುಡುಕುವುದು ಹೇಗೆ?

"ನಮ್ಮದು ಹಳೇ ಮಹೀಂದ್ರ 575. ಲೋಡರಿನ ಬಕೆಟ್ ಹೋಗಿದೆ. ಇದಕ್ಕೆ ಸರಿಯಾದ ಬಕೆಟ್ ಎಲ್ಲಿ ಸಿಗುತ್ತದೆ?" ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಇದು. ಟ್ರ್ಯಾಕ್ಟರಿನ ಹೆಸರಷ್ಟೇ ಬದಲಾಗುತ್ತದೆ. ಒಬ್ಬರದ್ದು ಮ್ಯಾಸಿ 1035, ಇನ್ನೊಬ್ಬರದ್ದು ಸ್ವರಾಜ್ 735, ಮತ್ತೊಬ್ಬರದ್ದು ಎಚ್‌ಎಂಟಿ.

ಮೊದಲೇ ಹೇಳಿಬಿಡುತ್ತೇನೆ. ಟ್ರ್ಯಾಕ್ಟರಿನ ಹೆಸರು ಹಿಡಿದು ಬಕೆಟ್ ಹುಡುಕಬೇಡಿ. ಪಿಸ್ಟನ್ನೋ ಕ್ಲಚ್ ಪ್ಲೇಟೋ ಆದರೆ ಮಾಡೆಲ್ ಹೇಳಿದರೆ ಸಾಕು, ಅಂಗಡಿಯವರು ಡಬ್ಬಿ ತೆಗೆದು ಕೊಡುತ್ತಾರೆ. ಬಕೆಟ್ ಹಾಗಲ್ಲ. ಲೋಡರ್ ಅಂದರೆ ಮಣ್ಣು, ಗೊಬ್ಬರ ಎತ್ತಲು ಟ್ರ್ಯಾಕ್ಟರಿನ ಮುಂದೆ ಕೂರಿಸುವ ಎರಡು ತೋಳಿನ ಸಲಕರಣೆ. ನಮ್ಮ ಕಡೆಯ ಹಳೇ ಟ್ರ್ಯಾಕ್ಟರುಗಳಿಗೆ ಅದನ್ನು ಕೂರಿಸಿದ್ದು ಬಹುಪಾಲು ಆಮೇಲೆ, ಬೇರೆ ಯಾರೋ. ಒಂದೇ 575ಕ್ಕೆ ಹುಬ್ಬಳ್ಳಿಯವರು ಕೂರಿಸಿದ ಲೋಡರಿನ ಅಳತೆ ಒಂದು, ಪಂಜಾಬಿನಿಂದ ಬಂದ ಲೋಡರಿನ ಅಳತೆ ಇನ್ನೊಂದು. ಬಕೆಟ್ ಸೇರಬೇಕಾದದ್ದು ಲೋಡರಿನ ಎರಡು ತೋಳುಗಳಿಗೆ. ಹಾಗಾಗಿ ತೋಳಿನ ತುದಿಯ ಪಿನ್ ಅಳತೆ ನಿಮ್ಮ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದಿಲ್ಲದೆ ಹೊರಟರೆ ಘಟ್ಟ ಹತ್ತಿ ಇಳಿದು ಡೀಸೆಲ್ ಸುಟ್ಟದ್ದೇ ಬಂತು.

ಮುಂದೆ ಬರುವ ನಾಲ್ಕು ಪದ ಮೊದಲೇ ತಿಳಿದಿರಲಿ. ಬಕೆಟ್ಟಿನ ಬೆನ್ನಿಗೆ ಬೆಸೆದಿರುವ, ತೂತು ಇರುವ ದಪ್ಪ ಪ್ಲೇಟುಗಳಿಗೆ ಕಿವಿ ಅನ್ನುತ್ತೇನೆ. ಆ ತೂತಿನೊಳಗೆ ಕೂರುವ ಕೊಳವೆಯಂಥ ತುಂಡು ಬುಷ್. ಬುಷ್ಷಿನೊಳಗೆ ತೂರುವ ಉಕ್ಕಿನ ಗುಂಡು ಸರಳು ಪಿನ್. ಮಣ್ಣಿಗೆ ಮೊದಲು ತಾಗುವ ಮುಂದಿನ ದಪ್ಪ ಪಟ್ಟಿ ಕಟಿಂಗ್ ಎಡ್ಜ್. ನಮ್ಮಲ್ಲಿ ಹೆಚ್ಚಿನವರು ಅದನ್ನು ಬ್ಲೇಡ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

1. ಬಕೆಟ್ ನಿಜಕ್ಕೂ ಬದಲಿಸಬೇಕಾ?

ಬಕೆಟ್ ಹೋಯ್ತು ಅಂತ ಬರೆಯುವವರಲ್ಲಿ ಸುಮಾರು ಜನರದ್ದು ಬರೀ ಬ್ಲೇಡ್ ಸವೆದಿರುತ್ತದೆ. ಬ್ಲೇಡ್ ಇರುವುದೇ ಸವೆಯುವುದಕ್ಕೆ. ಅದನ್ನು ಕತ್ತರಿಸಿ ತೆಗೆದು ಬೇರೆ ಹಾಕಿದರೆ ಬಕೆಟ್ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಬಕೆಟ್ಟನ್ನು ನೆಲಕ್ಕೆ ಇಳಿಸಿ, ಒಳಗಿನ ಮಣ್ಣು ಗೊಬ್ಬರ ಪೂರ್ತಿ ತೊಳೆಯಿರಿ. ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ತಳವನ್ನು ಅಲ್ಲಲ್ಲಿ ಬಡಿದು ನೋಡಿ. ಗಟ್ಟಿ ಪ್ಲೇಟು ಠಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ಬೊದ್ದು ಸದ್ದು ಮಾಡುತ್ತದೆ, ಹಪ್ಪಳದಂಥ ಪದರ ಏಳುತ್ತದೆ. ತಳದ ಮೂಲೆಗಳನ್ನೂ ಬೆನ್ನಿಗೆ ಕೊಟ್ಟಿರುವ ಪೆಟ್ಟಿಗೆ ಆಕಾರದ ಪಟ್ಟಿಯ ಒಳಗನ್ನೂ ಬಿಡಬೇಡಿ. ನೀರು ನಿಲ್ಲುವುದೇ ಅಲ್ಲಿ. ಕಾರವಾರ, ಅಂಕೋಲಾ, ಕುಮಟಾದವರಂತೂ ಎರಡೆರಡು ಸಲ ನೋಡಿ. ಉಪ್ಪುಗಾಳಿಗೆ ಹೊರಗಿನ ಬಣ್ಣ ಚೆನ್ನಾಗಿಯೇ ಇದ್ದು ಒಳಗೆ ಪ್ಲೇಟು ಕಾಗದವಾಗಿರುತ್ತದೆ. ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟ ಇಲ್ಲ ನಿಜ. ಆದರೆ ಸಗಣಿ, ಗಂಜಲದ ಗೊಬ್ಬರವೂ ಕಬ್ಬಿಣವನ್ನು ಬಿಡುವುದಿಲ್ಲ.

ಲೆಕ್ಕ ಹೀಗೆ ಹಾಕಿ. ಕಿವಿ ಗಟ್ಟಿ ಇದೆ, ಎರಡು ಪಕ್ಕದ ಪ್ಲೇಟು ಸೊಟ್ಟಗಾಗಿಲ್ಲ, ತಳ ಮಾತ್ರ ಹೋಗಿದೆ ಅಂದರೆ ರಿಪೇರಿಯೇ ಲಾಭ. ತಳದ ಜೊತೆ ಬೆನ್ನಿನ ಪ್ಲೇಟೂ ತೆಳುವಾಗಿದ್ದರೆ ಬೇರೆ ಬಕೆಟ್ ನೋಡಿ. ಇಡೀ ಬಕೆಟ್ಟೇ ತಿರುಚಿಕೊಂಡಿದ್ದರೆ, ಅಂದರೆ ಸಮನೆಲದ ಮೇಲೆ ಇಟ್ಟಾಗ ಒಂದು ಮೂಲೆ ಎದ್ದು ನಿಂತರೆ, ರಿಪೇರಿಗೆ ಕಾಸು ಹಾಕಬೇಡಿ. ತಿರುಚಿದ್ದನ್ನು ಬಿಸಿ ಮಾಡಿ ನೆಟ್ಟಗೆ ಮಾಡಿಕೊಡ್ತೀನಿ ಅನ್ನುವವರು ಸಿಗುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದೇ ಬೆಸುಗೆ ಬಿರುಕು ಬಿಡುತ್ತದೆ.

2. ಅಳತೆ: ಇಲ್ಲಿ ಆತುರ ಬೇಡ

ಈ ಹಂತಕ್ಕೆ ಒಂದು ಮಧ್ಯಾಹ್ನ ಪೂರ್ತಿ ಇಟ್ಟುಕೊಳ್ಳಿ. ಟೇಪು, ಚಾಕ್‌ಪೀಸು, ದಪ್ಪ ರಟ್ಟು ಮತ್ತು ಒಂದು ವರ್ನಿಯರ್ ಕ್ಯಾಲಿಪರ್ ಬೇಕು. ವರ್ನಿಯರ್ ಅಂದರೆ ಎರಡು ದವಡೆಗಳ ನಡುವೆ ವಸ್ತು ಹಿಡಿದು ಎಂಎಂ ಲೆಕ್ಕದಲ್ಲಿ ದಪ್ಪ ಅಳೆಯುವ ಸಾಧನ. ಯಾವ ಲೇತ್ ಅಂಗಡಿಯಲ್ಲಾದರೂ ಇರುತ್ತದೆ, ಪರಿಚಯ ಇದ್ದರೆ ಒಂದು ದಿನಕ್ಕೆ ಕೊಡುತ್ತಾರೆ. ಟೇಪಿನಿಂದ ಪಿನ್ ದಪ್ಪ ಅಳೆಯಲು ಹೋಗಬೇಡಿ.

ಅಳೆಯುವ ಮುಂಚೆ ಬಕೆಟ್ ಸಮನೆಲದ ಮೇಲೆ ಕೂತಿರಲಿ. ಇಂಜಿನ್ ಆಫ್ ಮಾಡಿ, ಹೈಡ್ರಾಲಿಕ್ ಲಿವರನ್ನು ನಾಲ್ಕಾರು ಸಲ ಆಚೀಚೆ ಆಡಿಸಿ ಒತ್ತಡ ಇಳಿಸಿ. ಆಮೇಲೆ ಪಿನ್ ತೆಗೆಯಿರಿ.

*ಪಿನ್ನಿನ ದಪ್ಪ.* ತೆಗೆದ ಪಿನ್ನನ್ನು ಒರೆಸಿ, ಉದ್ದಕ್ಕೂ ಬೆರಳಿನ ಉಗುರು ಓಡಿಸಿ. ಸವೆದ ಜಾಗ ಶುರುವಾಗುವಲ್ಲಿ ಉಗುರಿಗೆ ಸಣ್ಣ ಮೆಟ್ಟಿಲು ತಾಗುತ್ತದೆ. ನೀವು ಅಳೆಯಬೇಕಾದದ್ದು ಮೆಟ್ಟಿಲಿನ ಆಚೆ, ಸವೆಯದೆ ಉಳಿದ ತುದಿಯನ್ನು. ಸವೆದ ಕಡೆ ಅಳೆದು 30 ಎಂಎಂ ಅಂತ ಬರೆದುಕೊಂಡರೆ, ಮೂಲದಲ್ಲಿ 32 ಇದ್ದದ್ದಕ್ಕೆ ತಪ್ಪು ಪಿನ್ ಬರುತ್ತದೆ.

ಇಲ್ಲೇ ಇನ್ನೊಂದು ಗುಂಡಿ ಇದೆ. ಹಳೇ ಲೋಡರುಗಳಲ್ಲಿ ಕೆಲವು ಇಂಚಿನ ಅಳತೆಯವು. ಒಂದು ಇಂಚು ಅಂದರೆ 25.4 ಎಂಎಂ. ಒಂದೂಕಾಲು ಇಂಚು 31.75. ಒಂದೂವರೆ ಇಂಚು 38.1. ವರ್ನಿಯರ್ 31.7 ತೋರಿಸಿದರೆ ಅದು ಸವೆದ 32 ಇರಬಹುದು, ಸವೆಯದ ಒಂದೂಕಾಲು ಇಂಚೂ ಇರಬಹುದು. ಸವೆಯದ ತುದಿಯನ್ನೇ ಎರಡು ಮೂರು ಕಡೆ ಅಳೆಯಿರಿ. ಎಲ್ಲ ಕಡೆಯೂ 31.7 ಆಸುಪಾಸೇ ಬಂದರೆ ಇಂಚಿನದ್ದು ಅಂತ ಹಿಡಿಯಿರಿ.

*ಕಿವಿಗಳ ಅಂತರ.* ಎಡಗಡೆ ಒಂದು ಜೊತೆ, ಬಲಗಡೆ ಒಂದು ಜೊತೆ ಕಿವಿ ಇರುತ್ತದೆ. ಒಂದು ಜೊತೆಯ ಎರಡು ಕಿವಿಗಳ ನಡುವಿನ ಒಳಸಂದು ಅಳೆಯಿರಿ. ತೋಳಿನ ತುದಿ ಕೂರುವುದು ಆ ಸಂದಿನಲ್ಲಿ. ಆಮೇಲೆ ಎಡ ಜೊತೆಯ ಮಧ್ಯದಿಂದ ಬಲ ಜೊತೆಯ ಮಧ್ಯಕ್ಕೆ ಅಳೆಯಿರಿ. ಎರಡನ್ನೂ ಹಳೇ ಬಕೆಟ್ಟಿನ ಮೇಲೂ ಅಳೆಯಿರಿ, ತೋಳಿನ ಮೇಲೂ ಅಳೆಯಿರಿ. ಎರಡಕ್ಕೂ ತಾಳೆ ಬರದಿದ್ದರೆ ಯಾವುದೋ ಒಂದು ಸೊಟ್ಟಗಾಗಿದೆ. ಸೊಟ್ಟ ತೋಳಿಗೆ ಹೊಸ ಬಕೆಟ್ ಹಾಕಿದರೆ ಹೊಸ ಬಕೆಟ್ಟೂ ಹಾಳಾಗುತ್ತದೆ, ಅಲ್ವಾ? ಮೊದಲು ತೋಳು ಸರಿ ಮಾಡಿಸಿ.

*ಎರಡು ತೂತಿನ ನಡುವಿನ ಅಂತರ.* ಎಲ್ಲಕ್ಕಿಂತ ಮುಖ್ಯ ಇದು, ಜನ ಬಿಡುವುದೂ ಇದನ್ನೇ. ಪ್ರತಿ ಕಡೆ ಕೆಳಗೊಂದು ತೂತು, ಮೇಲೊಂದು ತೂತು ಇರುತ್ತದೆ. ಕೆಳಗಿನದು ತೋಳಿಗೆ. ಮೇಲಿನದು ಬಕೆಟ್ಟನ್ನು ಮಗುಚುವ ಸಿಲಿಂಡರಿಗೆ. ಕೆಳಗಿನ ತೂತಿನ ಮಧ್ಯದಿಂದ ಮೇಲಿನ ತೂತಿನ ಮಧ್ಯಕ್ಕೆ ಎಷ್ಟು ದೂರ ಅನ್ನುವುದರ ಮೇಲೆ ಬಕೆಟ್ಟಿನ ಇಡೀ ಆಟ ನಿಂತಿದೆ. ಈ ದೂರ ಜಾಸ್ತಿಯಾದರೆ ಬಕೆಟ್ಟಿಗೆ ಅಗೆಯುವ ಬಲ ಹೆಚ್ಚು, ಆದರೆ ಪೂರ್ತಿ ಮಗುಚುವುದಿಲ್ಲ. ಹಸಿ ಮಣ್ಣು ತಳದಲ್ಲೇ ಅಂಟಿ ಉಳಿಯುತ್ತದೆ. ದೂರ ಕಡಿಮೆಯಾದರೆ ಚೆನ್ನಾಗಿ ಮಗುಚುತ್ತದೆ, ಆದರೆ ಬಲ ಸಾಲುವುದಿಲ್ಲ. ಹಿಂದಕ್ಕೆ ಮಡಚಿದಾಗ ಬಕೆಟ್ ತೋಳಿಗೇ ಬಡಿಯಲೂಬಹುದು.

ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಮಧ್ಯ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಆಗ ತೂತಿನ ಸವೆಯದ ಅಂಚಿನಿಂದ, ಪಿನ್ನಿನ ಮೂಲ ದಪ್ಪ ಲೆಕ್ಕ ಹಿಡಿದು ಮಧ್ಯ ಗುರುತಿಸಿ.

*ರಟ್ಟಿನ ಅಚ್ಚು.* ದಪ್ಪ ರಟ್ಟನ್ನು ಕಿವಿಯ ಪಕ್ಕಕ್ಕೆ ಒತ್ತಿ ಹಿಡಿದು ಎರಡೂ ತೂತು, ಕಿವಿಯ ಅಂಚು, ಬೆನ್ನಿನ ಬಾಗು, ತಳದ ಗೆರೆ ಎಲ್ಲವನ್ನೂ ಚಾಕ್‌ಪೀಸಿನಲ್ಲಿ ಎಳೆದು ಕತ್ತರಿಸಿಕೊಳ್ಳಿ. ತಳದ ಗೆರೆ ಇಲ್ಲದ ಅಚ್ಚು ಕೆಲಸಕ್ಕೆ ಬಾರದು. ಬಕೆಟ್ ನೆಲಕ್ಕೆ ಚಪ್ಪಟೆಯಾಗಿ ಕೂತಾಗ ಕಿವಿ ಯಾವ ಕೋನಕ್ಕೆ ನಿಂತಿರುತ್ತದೆ ಅನ್ನುವುದನ್ನು ಹೇಳುವುದೇ ಆ ಗೆರೆ. ಅಚ್ಚಿನ ಮೇಲೆಯೇ ಎಲ್ಲ ಅಳತೆ ಬರೆಯಿರಿ. ಫೋಟೋ ಕೂಡ ತೆಗೆಯಿರಿ, ಪಕ್ಕದಲ್ಲಿ ಟೇಪು ಹಿಡಿದು. ಫೋನಿನಲ್ಲಿ ಮಾತಾಡುವಾಗ ಹತ್ತು ನಿಮಿಷದ ವಿವರಣೆ ಉಳಿಯುತ್ತದೆ.

ಲೋಡರಿನ ತೋಳನ್ನೋ ಎರಡು ತೋಳನ್ನು ಜೋಡಿಸುವ ಅಡ್ಡ ಕೊಳವೆಯನ್ನೋ ಕೆರೆದು ತಯಾರಕರ ಹೆಸರಿನ ಪಟ್ಟಿ ಇದೆಯಾ ನೋಡಿ. ನಾಲ್ಕು ಸಲ ಬಣ್ಣ ಬಳಿದ ಕೆಳಗೆ ಅಡಗಿರುತ್ತದೆ. ಹೆಸರು, ನಂಬರ್ ಸಿಕ್ಕಿ ಆ ತಯಾರಕರು ಇನ್ನೂ ಇದ್ದರೆ ನಿಮ್ಮ ಹುಡುಕಾಟ ಒಂದೇ ಫೋನಿಗೆ ಮುಗಿಯಲೂಬಹುದು.

3. ಎಷ್ಟು ದೊಡ್ಡದು ಬೇಕು?

ಹೇಗೂ ಬದಲಿಸುತ್ತೇವೆ, ಸ್ವಲ್ಪ ದೊಡ್ಡದೇ ಇರಲಿ ಅಂತ ಎಲ್ಲರಿಗೂ ಅನಿಸುತ್ತದೆ. ಬೇಡ.

ಬಕೆಟ್ಟಿನ ಅಗಲ ಮುಂದಿನ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟಿದೆಯೋ ಅದಕ್ಕಿಂತ ಒಂದು ಅಂಗೈ ಅಗಲದಷ್ಟು ಜಾಸ್ತಿ ಇದ್ದರೆ ಸಾಕು. ಅದಕ್ಕಿಂತ ಕಡಿಮೆಯಾದರೆ ಟೈರು ಅಗೆಯದ ಮಣ್ಣಿನ ಮೇಲೆ ಹತ್ತುತ್ತದೆ. ತುಂಬಾ ಜಾಸ್ತಿಯಾದರೆ ದಣಪೆ (ಬೇಲಿಯ ಬಾಗಿಲು) ದಾಟುವಾಗ, ಧರೆಯ (ಕಡಿದ ಮಣ್ಣಿನ ಗೋಡೆ) ಪಕ್ಕ ತಿರುಗುವಾಗ ಒದ್ದಾಟ. ನಮ್ಮ ಬಹಳಷ್ಟು ಅಡಿಕೆ ತೋಟಗಳಿಗೆ ಟ್ರ್ಯಾಕ್ಟರ್ ಇಳಿಯುವುದೇ ಇಲ್ಲ. ಮೇಲಿನ ದಾರಿಯಲ್ಲೇ ಮಣ್ಣು, ಗೊಬ್ಬರ ಸುರಿದು ಅಲ್ಲಿಂದ ಹೊರುವುದು. ಆ ದಾರಿಯ ಅಗಲವನ್ನೂ ಅಳೆದಿಟ್ಟುಕೊಳ್ಳಿ.

ಇನ್ನು ತೂಕ. ಒಂದು ಘನ ಮೀಟರ್ ಅಂದರೆ ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆ. ಅಷ್ಟು ಹಸಿ ಕೆಮ್ಮಣ್ಣು ಸುಮಾರು 1,800 ಕೆಜಿ ತೂಗುತ್ತದೆ. ಒದ್ದೆ ಮರಳೂ ಹೆಚ್ಚುಕಡಿಮೆ ಅಷ್ಟೇ. ಕೊಟ್ಟಿಗೆ ಗೊಬ್ಬರ ಅದರ ಅರ್ಧಕ್ಕಿಂತ ಕಡಿಮೆ. ಅಡಿಕೆ ಸಿಪ್ಪೆ, ದರಕು (ಒಣ ಎಲೆ) ಇನ್ನೂ ಹಗುರ.

ಉದಾಹರಣೆಗೆ ನಿಮ್ಮ ಲೋಡರ್ ಎತ್ತುವುದು 600 ಕೆಜಿ ಅಂತ ಇಟ್ಟುಕೊಳ್ಳಿ. ಬಕೆಟ್ಟಿನ ತೂಕವೇ 170 ಕೆಜಿ. ಉಳಿದದ್ದು 430. ಅಂದರೆ ಹಸಿ ಮಣ್ಣಾದರೆ ಕಾಲು ಘನ ಮೀಟರಿಗಿಂತ ಸ್ವಲ್ಪ ಕಡಿಮೆ. ಐದಡಿ ಅಗಲ, ಎರಡಡಿ ಆಳ, ಎರಡಡಿಗೆ ಸ್ವಲ್ಪ ಕಡಿಮೆ ಎತ್ತರದ ಬಕೆಟ್ ಅಷ್ಟನ್ನು ಆಗಲೇ ಹಿಡಿಯುತ್ತದೆ (ಪಕ್ಕದಿಂದ ನೋಡಿದರೆ ಬಕೆಟ್ ಹೆಚ್ಚುಕಡಿಮೆ ತ್ರಿಕೋನ, ಹಾಗಾಗಿ ಅದೇ ಅಳತೆಯ ಪೆಟ್ಟಿಗೆಯ ಅರ್ಧದಷ್ಟು ಅಂತ ಹಿಡಿಯಿರಿ). ಅದಕ್ಕಿಂತ ದೊಡ್ಡದು ಬರೀ ಗೊಬ್ಬರ, ಸಿಪ್ಪೆ ಎತ್ತುವವರಿಗೆ ಸರಿ. ಮಣ್ಣಿನ ಕೆಲಸದವರಿಗೆ ಅಲ್ಲ.

ಭಾರ ಜಾಸ್ತಿಯಾದರೆ ಮೊದಲು ಪೆಟ್ಟು ತಿನ್ನುವುದು ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಮತ್ತು ಸ್ಟಿಯರಿಂಗ್. ಆ ಮುಂಭಾಗ ಲೋಡರಿನ ಭಾರಕ್ಕೆ ಅಂತ ಮಾಡಿದ್ದೇ ಅಲ್ಲ. ಹಿಂದಿನ ಚಕ್ರ ಹಗುರಾದರೆ ಬ್ರೇಕೂ ಹಿಡಿಯುವುದಿಲ್ಲ, ಯಾಕೆಂದರೆ ಇಂಥ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ನಮ್ಮ ಇಳಿಜಾರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಹಿಂದಿನ ಟೈರಿಗೆ ನೀರು ತುಂಬಿಸುವುದು, ಹಿಂಬದಿಯ ಲಿಂಕಿಗೆ (ನೇಗಿಲು ಸಿಕ್ಕಿಸುವ ತೋಳುಗಳಿಗೆ) ಕಾಂಕ್ರೀಟ್ ಬ್ಲಾಕ್ ಕಟ್ಟುವುದು, ಎರಡರಲ್ಲಿ ಒಂದು ಇರಲೇಬೇಕು.

ಜೆಸಿಬಿಯ ಹಳೇ ಬಕೆಟ್ ಗುಜರಿಯಲ್ಲಿ ಅಗ್ಗಕ್ಕೆ ಸಿಗ್ತಿದೆ, ಹಾಕಬಹುದಾ ಅಂತ ಕೇಳುತ್ತಾರೆ. ಜೆಸಿಬಿ 3ಡಿಎಕ್ಸಿನ ಮುಂದಿನ ಬಕೆಟ್ 1.1 ಘನ ಮೀಟರಿನದ್ದು. ತುಂಬಿದರೆ ಹಸಿ ಮಣ್ಣೇ ಸುಮಾರು ಎರಡು ಟನ್. ನಿಮ್ಮ ಟ್ರ್ಯಾಕ್ಟರಿನ ಒಟ್ಟು ತೂಕವೇ ಹತ್ತಿರ ಹತ್ತಿರ ಅಷ್ಟು. ಹಾಕಬೇಡಿ. ಆದರೆ ಜೆಸಿಬಿಯ ಹಲ್ಲು ಮತ್ತು ಅದು ಕೂರುವ ಅಡಾಪ್ಟರ್ ತರಬಹುದು. ಎಲ್ಲ ಪೇಟೆಯಲ್ಲೂ ಸಿಗುತ್ತವೆ, ಮುರಿದರೆ ಬದಲಿಸುವುದೂ ಸುಲಭ.

4. ಎಲ್ಲಿ ಹುಡುಕುವುದು

ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು ನಿಮ್ಮ ಊರಿನ ವೆಲ್ಡಿಂಗ್ ಶಾಪು ಮತ್ತು ಟ್ರ್ಯಾಕ್ಟರ್ ಗ್ಯಾರೇಜು. ಲೋಡರ್ ತೆಗೆಸಿ ಟ್ರ್ಯಾಕ್ಟರನ್ನು ಬರೀ ಟ್ರಾಲಿಗೆ ಇಟ್ಟುಕೊಂಡವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಬಕೆಟ್ ಕೊಟ್ಟಿಗೆ ಹಿಂದೆ ಹುಲ್ಲಿನಲ್ಲಿ ಮುಚ್ಚಿ ಬಿದ್ದಿರುತ್ತದೆ. ಯಾರ ಮನೆಯಲ್ಲಿ ಏನು ಬಿದ್ದಿದೆ ಅಂತ ಗೊತ್ತಿರುವುದು ಗ್ಯಾರೇಜಿನವರಿಗೇ. ಕರಾವಳಿಯಲ್ಲಾದರೆ ಚಿರೇಕಲ್ಲು ಕ್ವಾರಿಗಳಿಗೆ ಯಂತ್ರ ಓಡಿಸುವವರನ್ನೂ ಕೇಳಿ.

ಗುಜರಿಗೆ ಹೋಗುವಾಗ ರಟ್ಟಿನ ಅಚ್ಚು ಜೊತೆಗಿರಲಿ. ಅಚ್ಚನ್ನು ಕಿವಿಗೆ ಹಿಡಿದರೆ ಹೌದೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ತೂಕದ ದರಕ್ಕೆ ಕೊಡುತ್ತಾರಾ, ಬಿಡಿ ಸಾಮಾನಿನ ದರಕ್ಕಾ ಅಂತ ಮೊದಲೇ ಮಾತಾಡಿಕೊಳ್ಳಿ.

ಆಮೇಲೆ ದೊಡ್ಡ ಪೇಟೆ. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ. ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಫ್ಯಾಬ್ರಿಕೇಶನ್ ಕೆಲಸದವರು, ಅಂದರೆ ಪ್ಲೇಟು ಕತ್ತರಿಸಿ ಬಾಗಿಸಿ ಬೆಸೆಯುವವರು, ಸಿಗುತ್ತಾರೆ. ಸಿದ್ದಾಪುರದವರಿಗೆ ಶಿವಮೊಗ್ಗ ಅನುಕೂಲ. ಜೋಯಿಡಾ, ಹಳಿಯಾಳದ ಕಡೆಯವರಿಗೆ ಬೆಳಗಾವಿಯ ಉದ್ಯಮಬಾಗ್ ದೂರ ಅಲ್ಲ. ಪಿನ್, ಬುಷ್‌ನಂಥ ಲೇತ್ ಕೆಲಸಕ್ಕಂತೂ ಅಲ್ಲಿ ಒಳ್ಳೆಯ ಕೈಗಳಿವೆ. ಮಳೆಗಾಲದಲ್ಲಿ ಹೊರಡುವ ಕರಾವಳಿಯವರು ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಯಾವುದು ತೆರೆದಿದೆ ಅಂತ ಕೇಳಿಕೊಂಡೇ ಗಾಡಿ ತೆಗೆಯಿರಿ.

ಪಂಜಾಬ್, ಹರಿಯಾಣ, ಗುಜರಾತಿನಿಂದ ತರಿಸುವುದು ಕೊನೆಯ ದಾರಿ. ಅಲ್ಲಿ ಟ್ರ್ಯಾಕ್ಟರ್ ಲೋಡರ್ ಮಾಡುವವರು ಜಾಸ್ತಿ ಇರುವುದು ಹೌದು, ಬೆಲೆಯೂ ಕಡಿಮೆ ಕಾಣುತ್ತದೆ. ಆದರೆ ಹುಬ್ಬಳ್ಳಿ ಗೋದಾಮಿನ ತನಕ ಲಾರಿ ಬಾಡಿಗೆ, ಅಲ್ಲಿಂದ ನಿಮ್ಮ ಊರಿಗೆ ಇನ್ನೊಂದು ಬಾಡಿಗೆ, ಇಳಿಸುವ ಕೂಲಿ ಎಲ್ಲ ಸೇರಿಸಿ ನೋಡಿ. ಅಳತೆ ತಪ್ಪಿದರೆ ವಾಪಸ್ ಕಳಿಸುವ ಮಾತೇ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ತೋರಿಸಿ ಪೂರ್ತಿ ದುಡ್ಡು ಮುಂಗಡ ಕೇಳುವವರಿಗೆ ಕಳಿಸಬೇಡಿ. ನಿಮ್ಮ ಅಳತೆ ಬರೆದ ಚೀಟಿಯನ್ನು ಬಕೆಟ್ಟಿನ ಮೇಲೆ ಇಟ್ಟು, ಪಕ್ಕದಲ್ಲಿ ಟೇಪು ಹಿಡಿದು ವೀಡಿಯೋ ಮಾಡಿ ಕಳಿಸಿ ಅನ್ನಿ. ವಸ್ತು ನಿಜವಾಗಿ ಇರುವವರು ಮಾಡುತ್ತಾರೆ.

5. ಹಳೇ ಬಕೆಟ್ ಕೊಳ್ಳುವಾಗ

ಹೊಸ ಬಣ್ಣ ಬಳಿದ ಹಳೇ ಬಕೆಟ್ ಕಂಡರೆ ಅನುಮಾನ ಇರಲಿ. ಬಣ್ಣದ ಕೆಳಗೆ ಪುಟ್ಟಿ ಇರಬಹುದು. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ, ಪುಟ್ಟಿ ಇರುವಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ. ಕಿವಿಯ ಬುಡದ ಬೆಸುಗೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕು. ಬೆಸುಗೆಯ ಮೇಲೆ ಬೆಸುಗೆ ಹಾಕಿ ಗುಡ್ಡ ಮಾಡಿದ್ದರೆ ಹಿಂದೆಯೂ ಅಲ್ಲೇ ಬಿಟ್ಟಿದೆ ಅಂತ ಅರ್ಥ.

ಎದುರು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಿಟ್ಟುಬಿಡಿ.

ಕಿವಿ ಹೊಂದದಿದ್ದರೂ ಪೆಟ್ಟಿಗೆ ಗಟ್ಟಿ ಇದ್ದರೆ ಕೊಳ್ಳಬಹುದು. ಹಳೇ ಕಿವಿ ಕತ್ತರಿಸಿ ನಿಮ್ಮ ಅಳತೆಯ ಕಿವಿ ಬೆಸೆಯಬೇಕಾಗುತ್ತದೆ. ನನ್ನ ಕೇಳಿದರೆ ಹಳೇ ಟ್ರ್ಯಾಕ್ಟರಿನವರಿಗೆ ಇದೇ ಒಳ್ಳೆಯ ದಾರಿ. ಕಿವಿ ಸಮೇತ ಸರಿಹೊಂದುವ ಬಕೆಟ್ ಸಿಗಲಿ ಅಂತ ಕಾಯುತ್ತಾ ಕೂತರೆ ಬೇಸಿಗೆಯೇ ಮುಗಿದುಹೋಗುತ್ತದೆ.

6. ಹೊಸದು ಮಾಡಿಸುವುದಾದರೆ

ಫ್ಯಾಬ್ರಿಕೇಶನ್‌ನವರು ಕೆಜಿ ಲೆಕ್ಕದಲ್ಲಿ ದರ ಹೇಳುವುದೇ ಹೆಚ್ಚು. ಹಾಗಾಗಿ ತೂಕದ ಅಂದಾಜು ನಿಮಗೂ ಗೊತ್ತಿರಬೇಕು. ಸೂತ್ರ ಸುಲಭ. ಒಂದು ಚದರ ಮೀಟರ್ ಉಕ್ಕಿನ ಪ್ಲೇಟು ಪ್ರತಿ ಎಂಎಂ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. 6 ಎಂಎಂ ಪ್ಲೇಟಾದರೆ ಚದರ ಮೀಟರಿಗೆ 47 ಕೆಜಿ. 8 ಎಂಎಂ ಆದರೆ ಸುಮಾರು 63.

ಒಂದೂವರೆ ಮೀಟರ್ ಅಗಲದ ಬಕೆಟ್ಟಿಗೆ ತಳ, ಬೆನ್ನು ಸೇರಿ ಎರಡು ಚದರ ಮೀಟರಿಗೆ ಸ್ವಲ್ಪ ಕಡಿಮೆ ಪ್ಲೇಟು ಬೇಕು. 6 ಎಂಎಂ ಹಾಕಿದರೆ ಅದೇ 90 ಕೆಜಿ ದಾಟುತ್ತದೆ. 8 ಎಂಎಂನ ಎರಡು ಪಕ್ಕ 25 ಕೆಜಿ. 150 ಎಂಎಂ ಅಗಲ, 16 ಎಂಎಂ ದಪ್ಪದ ಬ್ಲೇಡು 28 ಕೆಜಿ. ಕಿವಿ, ಬೆನ್ನಿನ ಪಟ್ಟಿ ಸೇರಿ ಇನ್ನೊಂದು 25. ಒಟ್ಟು 170 ಕೆಜಿ ಆಸುಪಾಸು. ಯಾರಾದರೂ 260 ಕೆಜಿ ಅಂತ ಬಿಲ್ ಕೊಟ್ಟರೆ ಅಷ್ಟು ಕಬ್ಬಿಣ ಎಲ್ಲಿ ಹೋಯ್ತು ಅಂತ ಕೇಳಿ. ನಿಜವಾಗಿ ಹಾಕಿದ್ದರೆ ಅದೂ ತೊಂದರೆಯೇ. ಆ 90 ಕೆಜಿಯಷ್ಟು ಮಣ್ಣು ಪ್ರತಿ ಸಲ ಕಡಿಮೆ ಎತ್ತಬೇಕಾಗುತ್ತದೆ.

ಪೆಟ್ಟಿಗೆಗೆ ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪ್ಲೇಟು ಸಾಕು. ಅಂಗಡಿಯಲ್ಲಿ ಐಎಸ್ 2062 ಅಂತ ಕೇಳಿ. ಬ್ಲೇಡಿಗೆ ಮಾತ್ರ ಸವೆತ ತಡೆಯುವ ಗಟ್ಟಿ ಉಕ್ಕು ಹಾಕಿಸಿ. ಹಾರ್ಡಾಕ್ಸ್, ಸೈಲ್‌ಹಾರ್ಡ್ ಅನ್ನುವ ಹೆಸರಿನವು ಅಂಥವು. ನಮ್ಮ ಜಂಬಿಟ್ಟಿಗೆ ನೆಲ, ಕಲ್ಲು ಮಿಶ್ರ ಕೆಮ್ಮಣ್ಣು ಬರೀ ಎಂಎಸ್ ಬ್ಲೇಡನ್ನು ಬೇಗ ತಿಂದುಹಾಕುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಬ್ಲೇಡಾಗಿ ಬೆಸೆದು ಕೊಡುವವರು ಇದ್ದಾರೆ. ಉಕ್ಕು ಗಟ್ಟಿಯೇ. ಆದರೆ ಇಂಗಾಲ ಜಾಸ್ತಿ ಇರುವ ಉಕ್ಕು ಬೆಸುಗೆಯ ಪಕ್ಕದಲ್ಲಿ ಗಾಜಿನಂತಾಗುತ್ತದೆ. ಕಲ್ಲಿಗೆ ಒಂದು ಗುದ್ದು ಬಿದ್ದರೆ ಉದ್ದಕ್ಕೆ ಕಿತ್ತು ಬರುತ್ತದೆ. ರಸ್ತೆ ಗ್ರೇಡರಿನ ಹಳೇ ಬ್ಲೇಡಿಗೂ ಇದೇ ಮಾತು. ಅಂಥದ್ದನ್ನೇ ಹಾಕಬೇಕು ಅಂತಿದ್ದರೆ ಬೆಸೆಯುವ ಬದಲು ಬೋಲ್ಟಿನಲ್ಲಿ ಕೂರಿಸಿ. ಬೋಲ್ಟ್ ಬ್ಲೇಡಿನ ಇನ್ನೊಂದು ಲಾಭ, ಎರಡೂ ಅಂಚು ಒಂದೇ ಥರ ಇದ್ದರೆ ಒಂದು ಸವೆದ ಮೇಲೆ ತಿರುಗಿಸಿ ಹಾಕಬಹುದು.

ಎರಡನೆಯದು ವೆಲ್ಡಿಂಗ್ ರಾಡು. ಕಿವಿಗೂ ಬ್ಲೇಡಿಗೂ 7018 ರಾಡಿನಲ್ಲೇ ಬೆಸೆಯಿರಿ ಅಂತ ಹೇಳಿ. ಗೇಟು, ಗ್ರಿಲ್ಲಿಗೆ ಹಾಕುವ 6013 ಇಲ್ಲಿ ಬೇಡ. ಆದರೆ 7018ಕ್ಕೆ ತೇವ ಆಗದು. ತೇವ ಎಳೆದ ರಾಡಿನಿಂದ ಬೆಸೆದರೆ ಒಳಗೊಳಗೇ ಬಿರುಕು ಹುಟ್ಟುತ್ತದೆ. ಜುಲೈ ತಿಂಗಳ ಶಿರಸಿಯಲ್ಲಿ ತೆರೆದಿಟ್ಟ ಪ್ಯಾಕೆಟ್ಟು ಹೇಗಿರುತ್ತದೆ ನೀವೇ ಊಹಿಸಿ. ಒಲೆಯಲ್ಲಿ ಕಾಯಿಸಿದ ರಾಡು ಇಲ್ಲವೇ ಆಗಷ್ಟೇ ಒಡೆದ ಪ್ಯಾಕೆಟ್ಟು ಬಳಸಲಿ. ಒಲೆ ಅಂದರೆ ರಾಡು ಒಣಗಿಸುವ ಬೇರೆಯದೇ ಓವನ್. ಬಿಸಿಲಿಗೆ ಇಟ್ಟು ತೆಗೆದರೆ ಆಗುವುದಿಲ್ಲ.

ಕೆಲಸ ಕೊಡುವ ಸಮಯವನ್ನೂ ಯೋಚಿಸಿ. ಮಾರ್ಚ್‌ನಿಂದ ಮೇ ತನಕ ಎಲ್ಲರಿಗೂ ತೋಟದ ಮಣ್ಣಿನ ಕೆಲಸ, ಎಲ್ಲ ಶಾಪಿನಲ್ಲೂ ಸಾಲು. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಕೇಳುವುದೇ ಬೇಡ, ಆ ವಾರ ಶಿರಸಿಯಲ್ಲಿ ಗ್ರೈಂಡರ್ ಸದ್ದು ಕೇಳುವುದು ಕಷ್ಟ. ಮಳೆ ಬಿಟ್ಟು ಅಡಿಕೆಯ ಕೊನೆಕೊಯ್ಲು ಶುರುವಾಗುವ ಮುಂಚೆ ಕೊಟ್ಟರೆ ನಿಧಾನಕ್ಕೆ, ಚೆನ್ನಾಗಿ ಮಾಡಿಕೊಡುತ್ತಾರೆ.

7. ಕಿವಿ ಬೆಸೆಯುವುದು

ಬಕೆಟ್ ಎಷ್ಟೇ ಚೆನ್ನಾಗಿರಲಿ, ಕಿವಿ ಓರೆಯಾದರೆ ಎಲ್ಲ ವ್ಯರ್ಥ. ಕಾಗದದ ಅಳತೆ ನಂಬಿ ಶಾಪಿನಲ್ಲೇ ಪೂರ್ತಿ ಬೆಸೆಯಿಸಬೇಡಿ. ಟ್ರ್ಯಾಕ್ಟರನ್ನೇ ಅಲ್ಲಿಗೆ ಒಯ್ಯಿರಿ.

ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಬಕೆಟ್ಟನ್ನು ಚಪ್ಪಟೆ ಕೂರಿಸಿ. ತೋಳು ಇಳಿಸಿ, ಪಿನ್ ಹಾಕಿ ನಾಲ್ಕೂ ಕಿವಿಗಳನ್ನು ತೋಳಿಗೇ ತೂಗುಬಿಡಿ. ಟ್ರ್ಯಾಕ್ಟರಿನ ಮಧ್ಯಗೆರೆ ಬಕೆಟ್ಟಿನ ಮಧ್ಯಕ್ಕೆ ಬರುವ ಹಾಗೆ ಸರಿಸಿ. ತಳ ನೆಲಕ್ಕೆ ಕೂತಾಗ ಸಿಲಿಂಡರ್ ಎಲ್ಲಿರಬೇಕು ಅನ್ನುವುದಕ್ಕೆ ಹಳೇ ಬಕೆಟ್ಟೇ ಸಾಕ್ಷಿ. ಅದು ಚಪ್ಪಟೆ ಕೂತಿದ್ದಾಗ ಸಿಲಿಂಡರಿನ ಹೊಳೆಯುವ ದಂಡ ಎಷ್ಟು ಹೊರಗಿತ್ತು ಅಂತ ಅಳೆದಿಟ್ಟಿದ್ದರೆ ಈಗ ಅಷ್ಟೇ ಇಡಿ. ಆಮೇಲೆ ಕಿವಿಗಳಿಗೆ ಬರೀ ಟ್ಯಾಕ್ ಹಾಕಿಸಿ. ಟ್ಯಾಕ್ ಅಂದರೆ ಬೇಕಾದರೆ ಒಡೆದು ತೆಗೆಯಬಹುದಾದ ಚುಕ್ಕೆ ಬೆಸುಗೆ.

ಟ್ಯಾಕಿನ ಮೇಲೇ ಖಾಲಿ ಬಕೆಟ್ಟನ್ನು ಮೊಣಕಾಲೆತ್ತರಕ್ಕೆ ನಿಧಾನ ಎತ್ತಿ ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಆಡಿಸಿ. ಎಲ್ಲೂ ತೋಳಿಗೆ ತಾಗಬಾರದು. ಮುಂದಕ್ಕೆ ಮಗುಚಿದಾಗ ಒಳಗಿನದ್ದೆಲ್ಲ ಜಾರಿ ಬೀಳುವಷ್ಟು ತಳ ಇಳಿಜಾರಾಗಬೇಕು. ಈ ಹೊತ್ತಿನಲ್ಲಿ ಯಾರೂ ಹತ್ತಿರ ನಿಲ್ಲಬಾರದು. ಸರಿ ಇದೆ ಅಂತಾದ ಮೇಲೆ ಬಕೆಟ್ಟನ್ನು ಕಳಚಿ, ಎಡ ಬಲ ಕಿವಿಗಳಲ್ಲಿ ಒಂದೇ ಉದ್ದದ ಸರಳು ತೂರಿಸಿಟ್ಟು ಪೂರ್ತಿ ಬೆಸೆಯಲಿ. ಬಿಸಿಗೆ ಕಿವಿ ಎಳೆದುಕೊಳ್ಳುವುದನ್ನು ಆ ಸರಳು ತಡೆಯುತ್ತದೆ.

ಟ್ರ್ಯಾಕ್ಟರಿಗೆ ಸೇರಿಸಿಕೊಂಡೇ ಟ್ಯಾಕ್ ಹಾಕುವಾಗ ಬ್ಯಾಟರಿಯ ತಂತಿ ಬಿಚ್ಚಿಡಿ. ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಬಕೆಟ್ಟಿಗೇ, ಬೆಸೆಯುವ ಜಾಗದ ಹತ್ತಿರವೇ ಹಿಡಿಸಿ. ಟ್ರ್ಯಾಕ್ಟರಿನ ಚಾಸಿಗೆ ಹಿಡಿಸಿದರೆ ಕರೆಂಟು ಪಿನ್, ಸಿಲಿಂಡರುಗಳ ಮೂಲಕ ಹಾದು ಅವನ್ನು ಸುಡುತ್ತದೆ. ಸಿಲಿಂಡರಿನ ದಂಡದ ಮೇಲೆ ಒದ್ದೆ ಗೋಣಿ ಸುತ್ತಿ. ಒಂದು ಕಿಡಿ ಅಂಟಿ ಗಂಟಾದರೂ ಸಾಕು, ಸೀಲು ಹರಿದು ಎಣ್ಣೆ ಸೋರುತ್ತದೆ.

ಬುಷ್, ಪಿನ್ ಹೊಸದೇ ಹಾಕಿಸಿ. ಲೇತಿನವರಿಗೆ ಪಿನ್ನಿಗೆ ಇಎನ್8 ಉಕ್ಕು ಅಂದರೆ ಗೊತ್ತಾಗುತ್ತದೆ. ಪಿನ್ನಿಗೂ ಬುಷ್ಷಿಗೂ ನಡುವೆ ಅರ್ಧ ಎಂಎಂ ಒಳಗಿನ ಸಡಿಲ ಇರಲಿ, ಗ್ರೀಸ್ ನಿಪ್ಪಲ್ ಮರೆಯಬೇಡಿ.

8. ಕೂರಿಸಿ ಓಡಿಸುವಾಗ

170 ಕೆಜಿಯನ್ನು ನಾಲ್ಕು ಜನ ಹಿಡಿದು ಎತ್ತುವ ಸಾಹಸ ಬೇಡ, ಚೈನ್ ಬ್ಲಾಕ್ (ಸರಪಳಿಯ ರಾಟೆ) ಬಳಸಿ. ತೂತು ತೂತಿಗೆ ಸೇರಿದೆಯಾ ಅಂತ ಬೆರಳು ತೂರಿಸಿ ನೋಡುವ ಅಭ್ಯಾಸ ಬಹಳ ಜನಕ್ಕಿದೆ. ಬಕೆಟ್ ಒಂದು ಅಂಗುಲ ಜಾರಿದರೆ ಬೆರಳು ಉಳಿಯುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿ.

ಬಣ್ಣಕ್ಕೆ ಮುಂಚೆ ಬೆಸುಗೆಯ ಮೇಲಿನ ಪೊರೆ ಕೆರೆದು ರೆಡ್ ಆಕ್ಸೈಡ್ ಎರಡು ಕೋಟು ಹೊಡೆಯಿರಿ. ಬೆನ್ನಿನ ಪೆಟ್ಟಿಗೆ ಪಟ್ಟಿಯ ಕೆಳಗೆ ನೀರು ಹೋಗಲು ಎರಡು ತೂತು ಕೊರೆಸಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವಾಗ ಬಕೆಟ್ಟನ್ನು ಮುಂದಕ್ಕೆ ಬಾಗಿಸಿ ನೆಲಕ್ಕೆ ಊರಿ ನಿಲ್ಲಿಸಿ, ಒಳಗೆ ನೀರು ನಿಲ್ಲಬಾರದು.

ಮೊದಲ ದಿನ ಸುಮ್ನೆ ಗೊಬ್ಬರವೋ ಸಡಿಲ ಮಣ್ಣೋ ಎತ್ತಿ. ಧರೆ ಕಡಿಯಲು ಹೋಗಬೇಡಿ. ಒಂದು ದಿನದ ಕೆಲಸವಾದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ, ಕಿವಿಯ ಬುಡದ ಬಣ್ಣ ಎಲ್ಲಾದರೂ ಗೆರೆಯಾಗಿ ಒಡೆದಿದೆಯಾ ನೋಡಿ. ಒಡೆದಿದ್ದರೆ ಅದರ ಕೆಳಗೆ ಬೆಸುಗೆ ಬಿಡುತ್ತಿದೆ. ತುಂಬಿದ ಬಕೆಟ್ ಇಟ್ಟುಕೊಂಡು ಹೋಗುವಾಗ ನೆಲದಿಂದ ಒಂದಡಿ ಮಾತ್ರ ಎತ್ತರವಿರಲಿ. ಎತ್ತಿದ ಬಕೆಟ್ಟಿನ ಕೆಳಗೆ ಗ್ರೀಸ್ ಹೊಡೆಯಲು ಕೂಡ ತೂರಬೇಡಿ.

ಹಳೇ ಬಕೆಟ್ಟನ್ನು ಕೂಡಲೇ ಗುಜರಿಗೆ ಹಾಕಬೇಡಿ. ಹೊಸದು ಒಂದು ಬೇಸಿಗೆಯ ಕೆಲಸ ತಡೆದುಕೊಳ್ಳಲಿ. ಆಮೇಲೆ ಕಿವಿ ಗಟ್ಟಿ ಇದ್ದರೆ ಕತ್ತರಿಸಿ ಇಟ್ಟುಕೊಂಡು, ಉಳಿದದ್ದನ್ನು ನಿಮ್ಮೆದುರೇ ತೂಗಿಸಿ ಕೊಡಿ.